ಮಂಗ ಸತ್ತಿದೆ, ಲಸಿಕೆ ಇಲ್ಲ, ಅಮ್ಮ ದರಕಿಗೆ ಹೋಗೋದು ಬಿಡಲ್ಲ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಲ್ಲಿ ಕಾಡಂಚಿನ ಒಂಟಿ ಮನೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದೀನಿ, ಊರಲ್ಲಿ ಅಪ್ಪ ಅಮ್ಮ ಇಬ್ರೇ. ಹೋದ ವಾರ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಎರಡು ಮಂಗ ಸತ್ತು ಬಿದ್ದಿದ್ವು. ಅಮ್ಮನಿಗೆ 62, ದಿನಾ ಅದೇ ಬೆಟ್ಟಕ್ಕೆ ಕೊಟ್ಟಿಗೆಗೆ ಹಾಸೋಕೆ ದರಕು, ಅಂದ್ರೆ ಉದುರಿದ ಒಣ ಎಲೆ, ತರೋಕೆ ಹೋಗ್ತಾರೆ. ಮುಂಚೆ ಮೂರ್ನಾಲ್ಕು ಸಲ ಮಂಗನ ಕಾಯಿಲೆ ಇಂಜೆಕ್ಷನ್ ತಗೊಂಡಿದ್ರು, ಈಗ ಆಶಾ ಅಕ್ಕನ್ನ ಕೇಳಿದ್ರೆ ಲಸಿಕೆ ನಿಂತೋಗಿದೆ ಎಣ್ಣೆ ಹಚ್ಚಿಕೊಳ್ಳಿ ಅಂತ ಬಾಟ್ಲಿ ಕೊಟ್ಟು ಹೋದ್ರಂತೆ. ವಾಟ್ಸಾಪಲ್ಲಿ ಒಬ್ರು ಲಸಿಕೆ ಬರೀ ನೀರಾಗಿತ್ತು ಅಂತಾರೆ, ಇನ್ನೊಬ್ರು ಈ ಕಾಯಿಲೆನೇ ಅಮೆರಿಕದವ್ರು ತಂದು ಬಿಟ್ಟಿದ್ದು ಅಂತಾರೆ. ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂತಲ್ಲ, ಇಷ್ಟು ವರ್ಷದಿಂದ ಇರೋ ಈ ಕಾಯಿಲೆಗೆ ಯಾಕಿಲ್ಲ? ಈಗ ನಾವೇನು ಮಾಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ, ಒಂದು ಅಮ್ಮನ ಬಗ್ಗೆ, ಇನ್ನೊಂದು ನಮ್ಮ ಜೀವಕ್ಕೆ ಯಾಕೆ ಬೆಲೆ ಇಲ್ಲ ಅನ್ನೋ ಸಿಟ್ಟು. ಅಮ್ಮನ ವಿಷಯದಲ್ಲಿ ಒಂದು ಕೆಲಸ ಇವತ್ತೇ ಆಗಬೇಕು ಅದನ್ನ ಮೊದಲು ಹೇಳ್ತೀನಿ. ಮಂಗ ಸತ್ತ ಜಾಗಕ್ಕೆ ಯಾರೂ ಹೋಗಬಾರದು, ದನಾನೂ ಹೊಡೀಬಾರದು, ಪಿಎಚ್‌ಸಿಗೋ ಪಂಚಾಯ್ತಿಗೋ ಇನ್ನೂ ಹೇಳಿಲ್ಲ ಅಂದ್ರೆ ಈಗಲೇ ಫೋನ್ ಮಾಡಿ. ಯಾಕಂದ್ರೆ ಮಂಗ ಸತ್ತು ಮೈ ತಣ್ಣಗಾದ ತಕ್ಷಣ ಅದರ ಮೇಲಿದ್ದ ಉಣುಗುಗಳೆಲ್ಲ (ರಕ್ತ ಹೀರೋ ಉಣ್ಣೆ ಹುಳ, ಕಾಯಿಲೆ ತರೋದು ಇವೇ) ಇಳಿದು ಆ ತರಗೆಲೆ ಒಳಗೇ ಸೇರ್ಕೋತವೆ, ಆಮೇಲೆ ಅಲ್ಲಿ ಯಾರು ಕಾಲಿಟ್ಟರೂ ಹತ್ತೋದೇ. ಆರೋಗ್ಯ ಇಲಾಖೆಯವರು ಬಂದು ಸುತ್ತ ಮೆಲಾಥಿಯಾನ್ ಅನ್ನೋ ಉಣುಗು ಸಾಯಿಸೋ ಔಷಧಿ ಹೊಡೆದು ಹೋಗ್ತಾರೆ, ಹೆಣ ಕೊಳೆತಿಲ್ಲ ಅಂದ್ರೆ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸ್ತಾರೆ.

ಈಗ ವಾಟ್ಸಾಪ್ ಮಾತಿಗೆ ಬರೋಣ. ಅಮೆರಿಕದವ್ರು ತಂದು ಬಿಟ್ಟಿದ್ದು ಅನ್ನೋ ಮಾತು ಇವತ್ತಿನದಲ್ಲ ನಾನು ಸೊರಬದಲ್ಲಿ ಕೆಲಸಕ್ಕೆ ಸೇರಿದಾಗಲೇ ಹಳೇ ಯಜಮಾನ್ರು ಜಗಲಿ ಮೇಲೆ ಕೂತು ಹೇಳ್ತಿದ್ರು. ಅದಕ್ಕೆ ಬುಡ ಇಲ್ಲ ಅಂತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ತು ಜನಕ್ಕೂ ಜ್ವರ ಬಂದಾಗ ಓಡಿ ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅದು 1952ರಲ್ಲಿ ನಮ್ಮ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಶುರು ಮಾಡಿದ್ದು, ಆಗ ಅಲ್ಲಿ ಮುಖ್ಯಸ್ಥರಾಗಿದ್ದವರು ಟೆಲ್ಫೋರ್ಡ್ ವರ್ಕ್ ಅನ್ನೋ ಅಮೆರಿಕದ ವಿಜ್ಞಾನಿ. ಆಮೇಲೆ ಈ ವೈರಸ್ಸನ್ನ ವಲಸೆ ಹಕ್ಕಿಗಳು ರಷ್ಯಾ ಕಡೆಯಿಂದ ತಂದ್ವಾ ಅಂತ ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಅಧ್ಯಯನ ಮಾಡಿತಲ್ಲ, ಅದಕ್ಕೆ ಮುಂದೆ ಅಮೆರಿಕ ಸೇನೆಯ ದುಡ್ಡು ಬಂತು, 70ರ ದಶಕದಲ್ಲಿ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿ ತನಕ ಗಲಾಟೆ ಹೋಯ್ತು. ಅನುಮಾನಕ್ಕೆ ಇಷ್ಟು ಸಾಕಲ್ವಾ. ಆದರೆ ಇನ್ನೊಂದು ಸಂಗತಿ ಇದೆ, 1952ರಲ್ಲೇ ದೇಶದ ಬೇರೆ ಬೇರೆ ಕಡೆ ಜನರ ರಕ್ತ ಪರೀಕ್ಷೆ ಮಾಡಿದಾಗ ಕಛ್ ಸೌರಾಷ್ಟ್ರದ ಕಡೆಯವರಲ್ಲಿ ಈ ಜಾತಿ ವೈರಸ್ಸಿನ ವಿರುದ್ಧದ ಪ್ರತಿಕಾಯ ಸಿಕ್ಕಿತ್ತು. ಅಂದ್ರೆ ಕ್ಯಾಸನೂರಿನ ಹೆಸರು ಲೋಕಕ್ಕೆ ಗೊತ್ತಾಗೋಕೆ ಐದು ವರ್ಷ ಮುಂಚೆನೇ ಈ ಕುಲದ ವೈರಸ್ಸು ನಮ್ಮ ದೇಶದಲ್ಲಿತ್ತು. ಇಲಿ ಅಳಿಲು ಉಣುಗುಗಳ ಮಧ್ಯೆ ತನ್ನ ಪಾಡಿಗೆ ಇದ್ದಿದ್ದು, ನಾವು ಕಾಡು ಕಡಿದು ಒಳಗೆ ಹೋಗ್ತಾ ಹೋಗ್ತಾ ಅದರ ದಾರಿಗೆ ಸಿಕ್ಕಿದ್ವಿ ಅಷ್ಟೇ.

ನನಗೆ ಇದರಲ್ಲಿ ಮುಖ್ಯ ಅನ್ಸೋದು ಆ ಪುಣೆ ಕೇಂದ್ರದವರು ಯಾಕೆ ಅಷ್ಟು ಬೇಗ ಓಡಿ ಬಂದ್ರು ಅನ್ನೋದು. ಮಂಗನೂ ಮನುಷ್ಯನೂ ಒಟ್ಟಿಗೆ ಸಾಯೋದು ಅಂದ್ರೆ ಆಗ ಎಲ್ಲರಿಗೂ ನೆನಪಾಗ್ತಿದ್ದಿದ್ದು ಹಳದಿ ಜ್ವರ, ಯೆಲ್ಲೋ ಫೀವರ್. ಆಫ್ರಿಕಾ ದಕ್ಷಿಣ ಅಮೆರಿಕಾದಲ್ಲಿದ್ದ ಅದು ಏಷ್ಯಾಗೆ ಬಂದ್ರೆ ಲೋಕಕ್ಕೇ ಗಂಡಾಂತರ ಅಂತ ಭಯ. ಬಂದ್ರು ನೋಡಿದ್ರು, ಯೆಲ್ಲೋ ಫೀವರ್ ಅಲ್ಲ ಉಣುಗಿಂದ ಬರೋ ಹೊಸ ವೈರಸ್ಸು, ಮನುಷ್ಯನಿಂದ ಮನುಷ್ಯನಿಗೆ ಹರಡಲ್ಲ ಅಂತ ಗೊತ್ತಾಯ್ತು. ಕೆಲವು ವರ್ಷ ಒಳ್ಳೇ ಸಂಶೋಧನೆನೂ ಆಯ್ತು, ಆಮೇಲೆ ನಿಧಾನಕ್ಕೆ ಲೋಕದ ಗಮನ ಬೇರೆ ಕಡೆ ಹೋಯ್ತು. ನೀವು ಕೋವಿಡ್ ಜೊತೆ ಹೋಲಿಸಿ ಕೇಳಿದ್ರಲ್ಲ, ಉತ್ತರ ಇಲ್ಲೇ ಇದೆ. ಕೋವಿಡ್ ವೈರಸ್ಸಿನ ಜೀನ್ ವಿವರ 2020ರ ಜನವರಿಯಲ್ಲಿ ಹೊರಗೆ ಬಂತು, ಡಿಸೆಂಬರಿಗೆ ಬ್ರಿಟನ್ನಿನಲ್ಲಿ ಲಸಿಕೆ ಕೊಡೋಕೆ ಶುರು ಮಾಡಿದ್ರು, ಯಾಕಂದ್ರೆ ಅದು ಲಂಡನ್ ನ್ಯೂಯಾರ್ಕಿನವರ ಮನೆ ಬಾಗಿಲಿಗೂ ಬಂದಿತ್ತು. ಮಂಗನ ಕಾಯಿಲೆ ಬರೋದು ಸೌದೆಗೆ ಹೋದವರಿಗೆ, ದರಕು ತರೋರಿಗೆ, ಅಂಟುವಾಳ ಸೀಗೆ ಆರಿಸೋರಿಗೆ, ದನ ಕಾಯೋರಿಗೆ.

ಇದು ಬರೀ ಸಿಟ್ಟಿನ ಮಾತಲ್ಲ ಅಂತ ತೋರಿಸೋಕೆ ಒಂದು ಉದಾಹರಣೆ ಕೊಡ್ತೀನಿ. ಯುರೋಪಲ್ಲಿ ಇದೇ ಕುಲದ ಇನ್ನೊಂದು ವೈರಸ್ ಇದೆ, ಅದೂ ಉಣುಗು ಕಚ್ಚೇ ಬರೋದು, ಮೆದುಳು ಜ್ವರ ತರುತ್ತೆ. ಆಸ್ಟ್ರಿಯಾ ದೇಶ 1981ರಲ್ಲೇ ಅದಕ್ಕೆ ಸಾಮೂಹಿಕ ಲಸಿಕೆ ಅಭಿಯಾನ ಮಾಡಿತು, ಇವತ್ತು ದೊಡ್ಡ ದೊಡ್ಡ ಕಂಪನಿಗಳ ಲಸಿಕೆ ಅಲ್ಲಿ ಸಿಗುತ್ತೆ, ಕಾಡಿಗೆ ವಾಕಿಂಗ್ ಹೋಗೋ ಪ್ರವಾಸಿಗರೂ ಹಾಕಿಸ್ಕೋತಾರೆ. ವೈರಸ್ಸು ದಾಯಾದಿ, ಉಣುಗೂ ದಾಯಾದಿ, ಬೇರೆ ಇರೋದು ಕಚ್ಚಿಸ್ಕೊಳ್ಳೋರ ಜೇಬು ಮಾತ್ರ. (ಹಾಗಾದ್ರೆ ಆ ಲಸಿಕೆನೇ ತರಿಸೋಣ ಅಂತ ಒಬ್ಬರು ನನ್ನ ಕೇಳಿದ್ರು, ಆಗಲ್ಲ. 50ರ ದಶಕದ ಕೊನೆಗೆ ರಷ್ಯಾ ಕಡೆಯ ಆ ಜಾತಿ ಕಾಯಿಲೆಯ ಲಸಿಕೆಯನ್ನ ಇಲ್ಲೇ ಶಿವಮೊಗ್ಗ ಜಿಲ್ಲೆಯಲ್ಲಿ ಹಾಕಿ ನೋಡಿದಾರೆ, ರಕ್ಷಣೆ ಕೊಡ್ಲಿಲ್ಲ.)

ಅದಕ್ಕೇ ನಮ್ಮದೇ ಲಸಿಕೆ ಬೇಕಾಯ್ತು, ಬಂತೂ ಬಂತು. ಅದು ಬರೀ ನೀರಾಗಿತ್ತಾ? ಅಲ್ಲ. ವೈರಸ್ಸನ್ನ ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ ಫಾರ್ಮಲಿನ್ ಹಾಕಿ ಸಾಯಿಸಿ ಮಾಡ್ತಿದ್ದ ಹಳೇ ವಿಧಾನದ ಲಸಿಕೆ ಅದು. 1990-92ರಲ್ಲಿ ನೋಡಿದಾಗ ಎರಡು ಡೋಸ್ ತಗೊಂಡವರಲ್ಲಿ ನೂರಕ್ಕೆ 90ಕ್ಕಿಂತ ಮೇಲೆ ರಕ್ಷಣೆ ಕಂಡಿತ್ತು, ಅದೇ 2005ರಿಂದ 2010ರ ಲೆಕ್ಕ ತೆಗೆದಾಗ ಎರಡು ಡೋಸಿಗೆ ಸುಮಾರು 62, ಬೂಸ್ಟರೂ ಸೇರಿದ್ರೆ ಸುಮಾರು 83ಕ್ಕೆ ಇಳಿದಿತ್ತು. ಆಮೇಲೆ ಇನ್ನೂ ಶಕ್ತಿ ಕಳ್ಕೊಂಡಿತು, ಗುಣಮಟ್ಟದ ಪರೀಕ್ಷೆ ಪಾಸಾಗ್ಲಿಲ್ಲ, 2022ರಲ್ಲಿ ಕೊಡೋದು ನಿಲ್ಲಿಸಿದ್ರು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ, ಕೆಲಸ ಮಾಡದ ಲಸಿಕೆ ಹಾಕಿಸ್ಕೊಂಡು ನನಗೇನಾಗಲ್ಲ ಅಂತ ಬರಿಗಾಲಲ್ಲಿ ಬೆಟ್ಟ ಹತ್ತೋದು ಲಸಿಕೆ ಇಲ್ಲದೆ ಇರೋದಕ್ಕಿಂತ ಅಪಾಯ. ತಪ್ಪಾಗಿದ್ದು ಬದಲಿ ಸಿದ್ಧ ಮಾಡದೆ ಅಷ್ಟು ವರ್ಷ ತಳ್ಳಿದ್ದು. ಇನ್ನೊಂದು ಮಾತು, ನಮ್ಮ ಜನ ಆ ಲಸಿಕೆಯನ್ನ ಪೂರ್ತಿ ತಗೊಂಡಿದ್ದೂ ಕಡಿಮೆನೇ. ಒಂದು ತಿಂಗಳಿಗೆ ಎರಡನೇದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರು, ಆಮೇಲೆ ಐದು ವರ್ಷ ವರ್ಷಕ್ಕೊಂದು, ಅದೂ ತೋಳೆಲ್ಲ ಊದಿ ಎರಡು ದಿನ ಕತ್ತಿ ಹಿಡಿಯೋಕಾಗದಷ್ಟು ನೋವು. ಕೂಲಿ ಹೋಗೋರು ಎರಡನೇ ಸಲ ಯಾಕ್ ಬರ್ತಾರೆ ಹೇಳಿ. ನಾವು ಮನೆಗೆ ಹೋದ್ರೆ ಹಿತ್ತಲ ಬಾಗಿಲಿಂದ ಹೊರಟು ಹೋಗ್ತಿದ್ರು, ಬೈಯೋಕೂ ಮನಸ್ಸು ಬರ್ತಿರ್ಲಿಲ್ಲ.

ನಿಮ್ಮ ಅಮ್ಮ ಮುಂಚೆ ತಗೊಂಡಿದ್ದು ಈಗ ಕೆಲಸ ಮಾಡುತ್ತೆ ಅಂತ ನಂಬಬೇಡಿ. ಹೊಸ ಲಸಿಕೆ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ತಯಾರು ಮಾಡ್ತಿದಾರೆ, ಆದರೆ ಲಸಿಕೆ ಅಂದ್ರೆ ಜನರ ಮೇಲೆ ಹಂತ ಹಂತವಾಗಿ ಟ್ರಯಲ್ ಮುಗೀಬೇಕು, ಈ ಸೀಸನ್ನಿಗೆ ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ.

ಹಾಗಾದ್ರೆ ಬಡವರ ಕಾಯಿಲೆಗೆ ಲಸಿಕೆ ಬರೋದೇ ಇಲ್ವಾ ಅಂದ್ರೆ ಬರುತ್ತೆ, ಯಾರಾದ್ರೂ ಹಟ ಹಿಡಿದು ಕೂತ್ರೆ. ಅರ್ಜೆಂಟೀನಾದಲ್ಲಿ ಹುಲ್ಲುಗಾವಲು ಸೀಮೆಯಲ್ಲಿ ಮೆಕ್ಕೆಜೋಳದ ಕಟಾವಿಗೆ ಹೋಗೋ ಕೂಲಿಯವರಿಗೆ ಬರೋ ಒಂದು ರಕ್ತಸ್ರಾವದ ಜ್ವರ ಇದೆ, ಹೊಲದ ಇಲಿಯಿಂದ ಬರೋದು. ಅದರ ವೈರಸ್ಸು ಸಿಕ್ಕಿದ್ದು 1958ರಲ್ಲಿ, ನಮ್ಮ ಕ್ಯಾಸನೂರಿನ ಮಾರನೇ ವರ್ಷ ನೋಡಿ. ಅದೂ ಒಂದೇ ದೇಶದ ಒಂದು ಮೂಲೆ ಕಾಯಿಲೆ, ಯಾವ ಕಂಪನಿಗೂ ಲಾಭ ಇಲ್ಲ. ಅವರು ಅಮೆರಿಕದವರ ಜೊತೆ ಸೇರಿ ಲಸಿಕೆ ಮಾಡಿಸಿದ್ರು, 80ರ ದಶಕದ ಕೊನೆಗೆ ಆರು ಸಾವಿರಕ್ಕೂ ಮೇಲ್ಪಟ್ಟು ಹೊಲದ ಕೆಲಸಗಾರರ ಮೇಲೆ ಪರೀಕ್ಷೆ ಮಾಡಿದ್ರು, ಆಮೇಲೆ ಹೊರಗಿನ ದಾಸ್ತಾನು ನಂಬ್ಕೊಂಡು ಕೂರಲ್ಲ ಅಂತ ಆ ಕಾಯಿಲೆ ಸೀಮೆಯಲ್ಲೇ ಇರೋ ಪೆರ್ಗಮಿನೊ ಅನ್ನೋ ಊರಿನ ಸರ್ಕಾರಿ ಸಂಸ್ಥೆಯಲ್ಲಿ ತಾವೇ ತಯಾರಿಸೋಕೆ ಶುರು ಮಾಡಿ 2006ರಲ್ಲಿ ಲೈಸೆನ್ಸೂ ತಗೊಂಡ್ರು. ನಮ್ಮಲ್ಲಿ ಲಸಿಕೆ ತಯಾರಾಗ್ತಿದ್ದಿದ್ದು ಬೆಂಗಳೂರಲ್ಲಿ, ದನ ಕುರಿ ಕೋಳಿ ಲಸಿಕೆ ಮಾಡೋದೇ ಮುಖ್ಯ ಕೆಲಸ ಆಗಿರೋ ಸಂಸ್ಥೆಯಲ್ಲಿ. ಈ ವ್ಯತ್ಯಾಸ ಸಣ್ಣದಲ್ಲ. ಇನ್ನು ಆಫ್ರಿಕಾದ ಮೆನಿಂಜೈಟಿಸ್‌ಗೆ (ಮೆದುಳು ಪೊರೆಯ ಸೋಂಕು) ಪುಣೆಯ ಸೀರಮ್ ಇನ್‌ಸ್ಟಿಟ್ಯೂಟೇ ಒಂದು ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆ ಬೆಲೆಗೆ ಲಸಿಕೆ ಮಾಡಿ ಕೊಟ್ಟಿತು, 2010ರಲ್ಲಿ ಬುರ್ಕಿನಾ ಫಾಸೋದಿಂದ ಶುರುವಾಯ್ತು. ಅಲ್ಲಿ ಬೆಲೆ ಮೊದಲು ನಿಗದಿ ಮಾಡಿ ಆಮೇಲೆ ಲಸಿಕೆ ಮಾಡಿದ್ದು, ಕೊಳ್ಳೋರು ಇದಾರೆ ಅಂತ ಮೊದಲೇ ಗ್ಯಾರಂಟಿ ಇತ್ತು. ಪುಣೆಯಿಂದ ಬುರ್ಕಿನಾ ಫಾಸೋಗೆ ದಾರಿ ಇದ್ದಾಗ ತೀರ್ಥಹಳ್ಳಿಗೆ ಇಲ್ಲ ಅನ್ನೋಕಾಗಲ್ಲ.

ಡಬ್ಲ್ಯುಎಚ್‌ಒ ನಿರ್ಲಕ್ಷಿತ ಕಾಯಿಲೆಗಳು ಅಂತ 21ರ ಪಟ್ಟಿ ಇಟ್ಟಿದೆ, ಕುಷ್ಠ ಇದೆ, ಹುಚ್ಚು ನಾಯಿ ರೋಗ ಇದೆ, 2017ರಲ್ಲಿ ಹಾವು ಕಡಿತನೂ ಸೇರಿತು. ಮಂಗನ ಕಾಯಿಲೆ ಅದರಲ್ಲೂ ಇಲ್ಲ, ನಿರ್ಲಕ್ಷಿತರ ಪಟ್ಟಿಯಲ್ಲೂ ನಿರ್ಲಕ್ಷ್ಯ! ಪಟ್ಟಿ ಯಾಕೆ ಅಷ್ಟು ಮುಖ್ಯ ಅಂದ್ರೆ ದುಡ್ಡು ಅದರ ಹಿಂದೆ ಹೋಗುತ್ತೆ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಎಲ್ಲ ದೇಶದವರೂ ಕೂತು 2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ ಅಂತ ಒಪ್ಪಿಕೊಂಡಿದ್ರು, ಊರಿನ ಹತ್ತಿರ ಆಸ್ಪತ್ರೆ, ಊರಿನ ಕಾಯಿಲೆ ಯಾವುದೋ ಅದಕ್ಕೆ ಅಲ್ಲೇ ಮದ್ದು, ಜನರದ್ದೂ ಮಾತು ನಡೀಬೇಕು ಅಂತ. ಮಾರನೇ ವರ್ಷವೇ ಇಟಲಿಯ ಬೆಲಾಜಿಯೊದಲ್ಲಿ ಅದೇ ರಾಕ್‌ಫೆಲ್ಲರ್ ಕಡೆಯವರು ಇದೆಲ್ಲ ದುಬಾರಿ, ಕೆಲವೇ ಕಾಯಿಲೆ ಆರಿಸಿ ಅದಕ್ಕೆ ಮಾತ್ರ ಖರ್ಚು ಮಾಡೋಣ ಅನ್ನೋ ವಾದ ಮುಂದಿಟ್ರು, ಅದೇ ನಡೀತು. ಇದರಿಂದ ಮಕ್ಕಳ ಪ್ರಾಣ ಲಕ್ಷಗಟ್ಟಲೆ ಉಳಿದಿದೆ, ನಾನೇ ಪೋಲಿಯೋ ಹನಿ ಹಾಕಿದೀನಿ, ಅದನ್ನ ಹೀಗಳೆಯಲ್ಲ. ಆದರೆ ಪಿಎಚ್‌ಸಿಯಲ್ಲಿ ಕೂತು ನೋಡಿದ್ರೆ ಟಿಬಿಗೆ ಒಂದು ರಿಜಿಸ್ಟರು, ಮಲೇರಿಯಾಗೆ ಒಂದು, ಹೆರಿಗೆಗೆ ಮೂರು, ಎಲ್ಲಕ್ಕೂ ಮೇಲಿಂದ ಟಾರ್ಗೆಟ್ ಬರುತ್ತೆ, ನಮ್ಮ ಬೆಟ್ಟದ ಜ್ವರಕ್ಕೆ ಸಾವಾದ ಮೇಲೆ ಒಂದು ಮೀಟಿಂಗು.

ಲೆಕ್ಕದ ಇನ್ನೊಂದು ತಮಾಷೆ ಕೇಳಿ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, ಗುಡ್ಡಗಾಡಲ್ಲಿ 20,000ಕ್ಕೆ ಒಂದು ಅಂತ ನಿಯಮ, ಕಾಗದದ ಮೇಲೆ ನಮಗೆ ಅನುಕೂಲ ಅನ್ಸುತ್ತೆ. ಮಲೆನಾಡಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಮೈಲಿ, ಮಧ್ಯೆ ಒಂದು ಹಳ್ಳ, ತಲೆ ಎಣಿಸಿ ಆಸ್ಪತ್ರೆ ಹಂಚಿದ್ರೆ ಹಳ್ಳ ಯಾರು ಎಣಿಸ್ತಾರೆ? 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸರ್ಕಾರಗಳು ಜಿಡಿಪಿಯ ನೂರಕ್ಕೆ ಎರಡೂವರೆ ಪಾಲು ಆರೋಗ್ಯಕ್ಕೆ ಖರ್ಚು ಮಾಡ್ತೀವಿ, 2025ರ ಒಳಗೆ ಅಂತ ಬರೆದಿದ್ರು, 2021-22ರ ಲೆಕ್ಕದಲ್ಲಿ ಕೋವಿಡ್ ಖರ್ಚೂ ಸೇರಿ ಅದು 1.84. ಉಳಿದಿದ್ದರಲ್ಲಿ ದೊಡ್ಡ ಪಾಲು ನಮ್ಮ ನಿಮ್ಮ ಜೇಬಿಂದಾನೇ ಹೋಗೋದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಕಾಯಿಲೆ ಎದ್ದು ಸಾಲು ಸಾವು ಕಂಡಾಗ ಇದೆಲ್ಲ ಒಟ್ಟಿಗೆ ಎದುರಾಯ್ತು, ದೊಡ್ಡಾಸ್ಪತ್ರೆ ದೂರ, ದಾರಿ ಖರ್ಚು ಬೇರೆ.

ಸರಿ, ಅಮ್ಮನ ವಿಷಯಕ್ಕೆ ಬರ್ತೀನಿ. ಬೆಟ್ಟಕ್ಕೆ ಹೋಗಲೇಬೇಡಿ ಅಂತ ಬೆಂಗಳೂರಿಂದ ಫೋನಲ್ಲಿ ಹೇಳಿದ್ರೆ ಹ್ಞೂಂ ಅಂದು ಬೆಳಿಗ್ಗೆ ಹೊರಟಿರ್ತಾರೆ. ದನ ಇದ್ರೆ ಕೊಟ್ಟಿಗೆಗೆ ಹಾಸಬೇಕು, ಕೊಟ್ಟಿಗೆ ಗೊಬ್ಬರ ಇಲ್ಲದೆ ತೋಟ ಇಲ್ಲ. ಕಾಯಿಲೆ ಜೋರಾಗಿರೋದು ಡಿಸೆಂಬರಿಂದ ಮೇ ತನಕ, ದರಕು ಬೀಳೋದೂ ಅದೇ ಹೊತ್ತು, ಇದೇ ಇಕ್ಕಟ್ಟು. ಈ ವರ್ಷದ ಮಟ್ಟಿಗೆ ಆ ಬೆಟ್ಟ ಬಿಟ್ಟು ಅಡಿಕೆ ಸಿಪ್ಪೆ, ಒಣಗಿದ ಸೋಗೆ, ಬೈಹುಲ್ಲು ಏನು ಸಿಗುತ್ತೋ ಅದನ್ನ ಹಾಸೋಕೆ ಒಪ್ಪಿಸಿ, ಹುಲ್ಲು ಕೊಳ್ಳೋ ಖರ್ಚು ನೀವು ಕೊಡ್ತೀನಿ ಅಂದ್ರೆ ಬೇಗ ಒಪ್ತಾರೆ, ಅಮ್ಮಂದಿರ ಲೆಕ್ಕಾಚಾರ ನನಗೆ ಗೊತ್ತು. ದನಗಳನ್ನೂ ಆ ಕಡೆ ಬಿಡೋದು ಬೇಡ, ದನಕ್ಕೆ ಈ ಕಾಯಿಲೆ ಬರಲ್ಲ ಆದರೆ ದೊಡ್ಡ ಉಣುಗು ಅವುಗಳ ರಕ್ತ ಕುಡಿದೇ ಮೊಟ್ಟೆ ಇಡೋದು, ಪಶು ಆಸ್ಪತ್ರೆಯಲ್ಲಿ ಉಣುಗಿಗೆ ಔಷಧಿ ಕೊಡ್ತಾರೆ ಕೇಳಿ.

ಹೋಗಲೇಬೇಕು ಅಂದ್ರೆ ಆಶಾ ಕೊಟ್ಟ ಡೆಪಾ ಎಣ್ಣೆಯನ್ನ ಕೈ ಕಾಲು ಕುತ್ತಿಗೆಗೆ ಮನೆಯಿಂದ ಹೊರಡೋ ಮುಂಚೆನೇ ಹಚ್ಚಬೇಕು, ಬೆಟ್ಟಕ್ಕೆ ಹೋಗಿ ಕೂತು ಎಲೆ ಅಡಿಕೆ ಹಾಕ್ಕೊಂಡು ಆಮೇಲೆ ಹಚ್ಚೋದಲ್ಲ. ಅದರ ಶಕ್ತಿ ಕೆಲವೇ ಗಂಟೆ, ಬೆವರಿದ್ರೆ ಇನ್ನೂ ಬೇಗ ಹೋಗುತ್ತೆ, ಎಣ್ಣೆ ಹಚ್ಚಿದ್ರೂ ಬಂದವರಿದಾರೆ, ಹಾಗಾಗಿ ಅದನ್ನ ಲಸಿಕೆಗೆ ಸಮ ಅಂತ ತಿಳ್ಕೋಬೇಡಿ. ಮೈ ಮುಚ್ಚೋ ಬಟ್ಟೆ, ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ತಾವು ಬಚ್ಚಲಿಗೆ, ಸೋಪು ಹಚ್ಚಿ ಕಂಕುಳ ತೊಡೆಸಂದಿ ಕಿವಿ ಹಿಂದೆ ನೋಡ್ಕೋಬೇಕು. ಮನುಷ್ಯನಿಗೆ ಹತ್ತೋದು ಮರಿ ಉಣುಗು, ಎಳ್ಳಿನಷ್ಟಿರುತ್ತೆ, ವಯಸ್ಸಾದವರ ಕಣ್ಣಿಗೆ ಕಾಣಲ್ಲ ಅಪ್ಪನೂ ನೋಡಲಿ. ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೀಬೇಕು, ಸುಣ್ಣ ಸೀಮೆಎಣ್ಣೆ ಬೀಡಿ ಬೆಂಕಿ ಯಾವುದೂ ಬೇಡ, ಉಗುರಲ್ಲಿ ಕುಕ್ಕೋದಂತೂ ಬೇಡವೇ ಬೇಡ.

ಜ್ವರ ಬಂದ್ರೆ? ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆ ಸಿಡಿಯೋ ನೋವು, ಸೊಂಟ ಕಾಲು ಹಿಡಿದು ಹಿಂಡಿದಂಗೆ, ಕಣ್ಣು ಕೆಂಪು, ವಾಂತಿ. ಪ್ಯಾರಾಸಿಟಮಾಲ್ ಒಂದು ಬಿಟ್ಟು ಬೇರೆ ನೋವಿನ ಮಾತ್ರೆ ಇಂಜೆಕ್ಷನ್ ಯಾವುದೂ ಕೊಡಿಸಬೇಡಿ, ಪ್ಲೇಟ್‌ಲೆಟ್ ಇಳಿಯೋ ಕಾಯಿಲೆ ಇದು, ರಕ್ತಸ್ರಾವ ಜಾಸ್ತಿಯಾಗಬಹುದು. ನಾನು ನೋಡಿದ ಒಬ್ಬ ಹೆಣ್ಣುಮಗಳಿಗೆ ಒಂದು ಕ್ಲಿನಿಕ್ಕಲ್ಲಿ ಟೈಫಾಯ್ಡ್ ಅಂತ ಐದು ದಿನ ಡ್ರಿಪ್ ಹಾಕಿ ದಿನಾ ನೋವಿನ ಇಂಜೆಕ್ಷನ್ ಕೊಟ್ಟು, ಒಸಡಲ್ಲಿ ರಕ್ತ ಬಂದ ಮೇಲೆ ನಮ್ಮ ಹತ್ತಿರ ಕಳಿಸಿದ್ರು. ಕಾಡಿಗೆ ಹೋಗಿದ್ರಾ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಆಕೆ ಉಳಿದ್ರು, ಅದು ಆಕೆಯ ಪುಣ್ಯ ನಮ್ಮ ಸಾಮರ್ಥ್ಯ ಅಲ್ಲ. ಹಾಗಾಗಿ ಅಪ್ಪ ಅಮ್ಮನಿಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಸಿ, "ಮಂಗ ಸತ್ತ ಬೆಟ್ಟಕ್ಕೆ ಹೋಗಿದ್ವಿ, ಕೆಎಫ್‌ಡಿ ಟೆಸ್ಟ್ ಮಾಡಿಸಿ" ಅಂತ. ಕೆಎಫ್‌ಡಿ ಅಂದ್ರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರು. ಮೊದಲ ವಾರದಲ್ಲೇ ರಕ್ತ ಕೊಟ್ರೆ ಆರ್‌ಟಿ-ಪಿಸಿಆರ್‌ನಲ್ಲಿ ಗೊತ್ತಾಗುತ್ತೆ, ಸ್ಯಾಂಪಲ್ ಸರ್ಕಾರಿ ಆಸ್ಪತ್ರೆಯಿಂದಾನೇ ಹೋಗುತ್ತೆ. ಮತ್ತೆ ಮಂಗನ ಬಾವು ಅನ್ನಬೇಡಿ, ಕೆಪ್ಪಟೆ ಅಂತ ತಿಳ್ಕೊಂಡು ವಾಪಸ್ ಕಳಿಸಿದ್ದೂ ಇದೆ!

ಈ ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ, ನಿಜ. ಆದರೆ ಸರಿಯಾಗಿ ನೀರು ಸಲೈನ್ ಕೊಟ್ಟು ಬಿಪಿ ಪ್ಲೇಟ್‌ಲೆಟ್ ನೋಡ್ಕೊಂಡ್ರೆ ಬಹುಪಾಲು ಜನ ಉಳೀತಾರೆ, ಸಾಯೋದು ನೂರಕ್ಕೆ ಮೂರರಿಂದ ಐದು. ಇನ್ನೊಂದು ಮೋಸ ಇದೆ, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ನೂರಕ್ಕೆ ಹತ್ತಿಪ್ಪತ್ತು ಜನಕ್ಕೆ ಮತ್ತೆ ಜ್ವರ ಬಂದು ಕತ್ತು ಸೆಟೆಯೋದು, ಕೈ ನಡುಗೋದು, ಮಾತು ತಪ್ಪೋದು ಆಗುತ್ತೆ. ಆಗ ಪಿಎಚ್‌ಸಿ ಸಾಲದು, ನೇರ ದೊಡ್ಡಾಸ್ಪತ್ರೆ. ಹೋಗುವಾಗ ರೇಷನ್ ಕಾರ್ಡ್ ಆಧಾರ್ ಮತ್ತೆ ಪಿಎಚ್‌ಸಿ ಡಾಕ್ಟರ ರೆಫರಲ್ ಚೀಟಿ ಇಟ್ಕೊಳ್ಳಿ, ಚೀಟಿ ಇಲ್ಲದೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಓಡಾಡಿಸ್ತಾರೆ.

ಮಂಗನ ಮೇಲೆ ಸಿಟ್ಟು ಮಾಡ್ಕೋಬೇಡಿ ಅಂತ ಊರವರಿಗೂ ಹೇಳಿ, ಮುಸಿಯ ಆಗಲಿ ಕೆಂಪು ಮೂತಿ ಮಂಗ ಆಗಲಿ ನಮಗಿಂತ ಮೊದಲು ಸತ್ತು ಸುದ್ದಿ ಕೊಡೋದು ಅವೇ. ಅವುಗಳ ಸ್ಯಾಂಪಲ್ ರಿಪೋರ್ಟು ಸಾಮಾನ್ಯವಾಗಿ ಆಫೀಸಿನ ಫೈಲಿಗೆ ಹೋಗುತ್ತೆ, ಬೆಟ್ಟದ ಕೆಳಗಿನ ಮನೆಗೆ ಬರಲ್ಲ. ನೀವು ಓದಿದವರು, ಒಂದು ವಾರ ಬಿಟ್ಟು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ ನಮ್ಮ ಬೆಟ್ಟದ ಮಂಗದ ರಿಪೋರ್ಟ್ ಪಾಸಿಟಿವ್ವಾ ಅಂತ ಕೇಳಿ, ಹೇಳಲಿಲ್ಲ ಅಂದ್ರೆ ಮತ್ತೆ ಮಾಡಿ, ಅಪ್ಪನಿಗೆ ಮುಂದಿನ ಗ್ರಾಮಸಭೆಯಲ್ಲೂ ಎದ್ದು ಕೇಳೋಕೆ ಹೇಳಿ. ಪಾಸಿಟಿವ್ ಅಂದ್ರೆ ಮಳೆ ಹಿಡಿಯೋ ತನಕ ಆ ಬೆಟ್ಟ ಇಲ್ಲ ಅಂದ್ಕೊಳ್ಳಿ. ನೆಗೆಟಿವ್ ಅಂದ್ರೂ ಎಣ್ಣೆ ಬಾಟ್ಲಿ ಬಾಗಿಲ ಹಿಂದಿನ ಮೊಳೆಗೇ ನೇತಾಡ್ತಿರಲಿ, ಕತ್ತಿ ಪಕ್ಕ.